ರಹದಾರಿಯಲ್ಲಿ ಒಂದು ದಾರಿ, ಮಳೆಯಲ್ಲಿ ಇನ್ನೊಂದು

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನನ್ನದೊಂದು ಸಿಎಲ್‌-2 (ಚಿಲ್ಲರೆ ಮಾರಾಟದ ಸನ್ನದು, ಅಂದರೆ ಪರವಾನಗಿ, ಇರುವ) ಮದ್ಯದಂಗಡಿ ಇದೆ. ಶಿವಮೊಗ್ಗದ ಡಿಪೊದಿಂದ ನನ್ನ ಸರಕನ್ನೂ ಸುತ್ತಮುತ್ತಲ ಕೆಲವು ಸನ್ನದುದಾರರ ಸರಕನ್ನೂ ನನ್ನ ಲಾರಿಯಲ್ಲೇ ತರುತ್ತೇನೆ. ಕಳೆದ ಪುಷ್ಯ ಮಳೆಯಲ್ಲಿ ಮಂಡಗದ್ದೆ ಹತ್ತಿರ ಧರೆ ಕುಸಿದು, ಮರ ಉರುಳಿ ರಸ್ತೆ ಮುಚ್ಚಿತು. ಪೊಲೀಸರು ಲಾರಿಯನ್ನು ಹಿಂದಕ್ಕೆ ಕಳಿಸಿದರು. ಚಾಲಕ ಆಯನೂರು, ರಿಪ್ಪನ್‌ಪೇಟೆ, ಕೋಣಂದೂರು ಸುತ್ತಿಕೊಂಡು ಹೊರಟ. ದಾರಿಯಲ್ಲಿ ತಪಾಸಣೆಗೆ ಸಿಕ್ಕಾಗ ‘ರಹದಾರಿಯಲ್ಲಿ (ಸರಕು ಸಾಗಣೆಯ ಅನುಮತಿಪತ್ರದಲ್ಲಿ) ಈ ಮಾರ್ಗ ಇಲ್ಲ’ ಎಂದು ಲಾರಿಯನ್ನು ನಿಲ್ಲಿಸಿಕೊಂಡರು. ಇನ್ನೊಂದು ಚಿಂತೆ: ಅಂಗಡಿಯ ಹಿಂದೆಯೇ ಹೊಳೆ. ನೀರು ಏರಿದರೆ ಪೆಟ್ಟಿಗೆಗಳನ್ನು ಮನೆಗೆ ಸಾಗಿಸಬಹುದೆ? ನೆನೆದ ಬಾಟಲಿಗಳನ್ನು ಏನು ಮಾಡಬೇಕು? ನೆರೆಯಲ್ಲಿ ಹಾಳಾದ ಮದ್ಯದ ತೆರಿಗೆಯನ್ನು ಅಮೆರಿಕದಲ್ಲಿ ಹಿಂದಿರುಗಿಸುತ್ತಾರಂತೆ. ನಮ್ಮಲ್ಲಿ?

ಉತ್ತರ: ನಿಮ್ಮ ಪತ್ರ ಓದಿದಾಗ ನನ್ನ ಸೇವೆಯ ದಿನಗಳ ಎಷ್ಟೋ ಆಷಾಢ, ಶ್ರಾವಣಗಳು ಕಣ್ಣ ಮುಂದೆ ಬಂದವು. ಅಬಕಾರಿ ಇಲಾಖೆಯಲ್ಲಿದ್ದಾಗ ಮಳೆಗಾಲದಲ್ಲಿ ನಾನು ಬರೆದ ಮಹಜರುಗಳಲ್ಲಿ ಅರ್ಧಕ್ಕರ್ಧ ಕಳ್ಳತನದ ಪ್ರಕರಣಗಳಾಗಿರಲಿಲ್ಲ. ಪ್ರಾಮಾಣಿಕ ಮನುಷ್ಯ ಹೇಳಬೇಕಾದವರಿಗೆ ಹೇಳದೆ, ಬರೆಸಬೇಕಾದ್ದನ್ನು ಬರೆಸದೆ ಸಿಕ್ಕಿಕೊಂಡ ಪ್ರಕರಣಗಳು. ನಿಮ್ಮದೂ ಅದೇ ಸಾಲಿಗೆ ಸೇರುತ್ತದೆ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಮೊದಲು ನೀವು ಯಾರು ಎಂಬುದು ಸ್ಪಷ್ಟವಾಗಬೇಕು. ಕರ್ನಾಟಕದಲ್ಲಿ ಮದ್ಯದ ಸಗಟು ವಿತರಣೆ ಖಾಸಗಿಯವರ ಕೈಯಲ್ಲಿಲ್ಲ. 2003ರಿಂದ ಅದು ಕರ್ನಾಟಕ ರಾಜ್ಯ ಪಾನೀಯ ನಿಗಮದ ಕೆಲಸ. ಡಿಪೊ ನಿಗಮದ್ದು, ಬಿಲ್ಲು ನಿಗಮದ್ದು. ಹಣ ಮೊದಲು ಕಟ್ಟಿ ಆಮೇಲೆ ಸರಕು ಎತ್ತುವವರು ನೀವು. ಹೀಗಾಗಿ ಡಿಪೊದ ಬಾಗಿಲು ದಾಟಿದ ಮೇಲೆ ನೀವು ಎರಡು ಪಾತ್ರಗಳಲ್ಲಿ ಇರುತ್ತೀರಿ. ದಾರಿಯಲ್ಲಿ ಸಾಗಣೆದಾರ, ಅಂಗಡಿಯಲ್ಲಿ ಸನ್ನದುದಾರ. ವಿಪತ್ತಿನ ಹೊತ್ತಿನಲ್ಲಿ ಈ ಎರಡು ಪಾತ್ರಗಳಿಗೆ ಅನ್ವಯಿಸುವ ಕಟ್ಟಳೆಗಳು ಬೇರೆ ಬೇರೆ. ಎರಡಕ್ಕೂ ತಳಪಾಯ ಮಾತ್ರ ಒಂದೇ: ಮದ್ಯಕ್ಕೆ ನೀವು ದುಡ್ಡು ಕೊಟ್ಟಿರಬಹುದು, ಆದರೆ ಅದು ಅಕ್ಕಿ ಮೂಟೆಯಂತೆ ನಿಮ್ಮ ಇಷ್ಟದ ಸ್ವತ್ತಲ್ಲ. ಎಲ್ಲಿಂದ ಎಲ್ಲಿಗೆ, ಯಾವ ವಾಹನದಲ್ಲಿ, ಎಷ್ಟು ಪೆಟ್ಟಿಗೆ ಎಂಬುದು ಸರ್ಕಾರದ ಲೆಕ್ಕದಲ್ಲಿರುತ್ತದೆ. ಮಳೆ ಬಂತೆಂದು ಆ ಲೆಕ್ಕ ತಡೆದು ನಿಲ್ಲುವುದಿಲ್ಲ.

ಎರಡನೆಯದು, ಎಚ್ಚರಿಕೆಗೂ ಆದೇಶಕ್ಕೂ ಇರುವ ವ್ಯತ್ಯಾಸ. ಹವಾಮಾನ ಇಲಾಖೆಯ ರೆಡ್ ಅಲರ್ಟ್ ಎಂದರೆ ದಿನವೊಂದರಲ್ಲಿ 204.4 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳಬಹುದು ಎಂಬ ಮುನ್ಸೂಚನೆ. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಆಗುಂಬೆಯ ಕಡೆಯವರಿಗೆ ಇದು ಹೊಸತೇನಲ್ಲ. ಆ ಎಚ್ಚರಿಕೆಯಿಂದಲೇ ನಿಮ್ಮ ಅಂಗಡಿ ಮುಚ್ಚುವುದೂ ಇಲ್ಲ, ರಸ್ತೆ ಬಂದ್ ಆಗುವುದೂ ಇಲ್ಲ. ಅದಕ್ಕೆ ಜಿಲ್ಲಾಧಿಕಾರಿಯ ಆದೇಶ ಬೇಕು. ಇಲ್ಲಿಯೇ ಬಹಳ ಜನ ಎಡವುತ್ತಾರೆ: ಜಿಲ್ಲಾಧಿಕಾರಿ ಬೇರೆ, ಅಬಕಾರಿ ಉಪ ಆಯುಕ್ತರು ಬೇರೆ. ಅಬಕಾರಿ ಕಚೇರಿಯಿಂದ ಏನೂ ಬಂದಿಲ್ಲವೆಂದು ಜಿಲ್ಲಾಧಿಕಾರಿಯ ಆದೇಶವನ್ನು ಬದಿಗಿಟ್ಟು ಬಾಗಿಲು ತೆರೆದವರನ್ನು ನಾನು ನೋಡಿದ್ದೇನೆ.

ಜಿಲ್ಲಾಧಿಕಾರಿಯ ಒಂದೇ ಸಹಿಯ ಹಿಂದೆ ಬೇರೆ ಬೇರೆ ಅಧಿಕಾರಗಳಿರುತ್ತವೆ. ಆದೇಶದ ಪೀಠಿಕೆಯಲ್ಲಿ ಯಾವ ಕಲಂ ಉಲ್ಲೇಖಿಸಿದ್ದಾರೆ ಎಂದು ನೋಡಿ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಕಲಂ 21 ಇದ್ದರೆ ಅದು ಸಾರ್ವಜನಿಕ ಶಾಂತಿಗಾಗಿ ಅಂಗಡಿ ಮುಚ್ಚಿಸುವ ಆದೇಶ. ಚುನಾವಣೆ, ಗಣಪತಿ ವಿಸರ್ಜನೆಯ ಸಮಯದಲ್ಲಿ ನೀವು ನೋಡಿಯೇ ಇರುತ್ತೀರಿ. ವಿಪತ್ತು ನಿರ್ವಹಣಾ ಕಾಯ್ದೆ, 2005ರ ಕಲಂ 34 ಇದ್ದರೆ ಅದರ ಹರವು ದೊಡ್ಡದು. ಜಿಲ್ಲಾಧಿಕಾರಿ ಅಲ್ಲಿ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರಾಗಿ ಮಾತನಾಡುತ್ತಾರೆ. ಪೀಡಿತ ಪ್ರದೇಶಕ್ಕೆ ಬರುವ, ಹೋಗುವ, ಒಳಗೆ ಓಡಾಡುವ ವಾಹನಗಳನ್ನೂ ಜನರನ್ನೂ ನಿರ್ಬಂಧಿಸುವ ಅಧಿಕಾರ ಆ ಕಲಮಿನಲ್ಲಿದೆ. ಕಲಂ 72ರ ಪ್ರಕಾರ ಈ ಕಾಯ್ದೆ ಉಳಿದ ಕಾನೂನುಗಳನ್ನು ಮೀರಿ ನಿಲ್ಲುತ್ತದೆ. ಕೈಯಲ್ಲಿ ಅಬಕಾರಿ ರಹದಾರಿ ಇದೆ ಎಂಬ ವಾದ ಅದರ ಮುಂದೆ ನಡೆಯುವುದಿಲ್ಲ. ಸಕಾರಣವಿಲ್ಲದೆ ಉಲ್ಲಂಘಿಸಿದರೆ ಕಲಂ 51ರಡಿ ಒಂದು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ; ಅದರಿಂದ ಪ್ರಾಣಹಾನಿಯೋ ಪ್ರಾಣಕ್ಕೆ ಅಪಾಯವೋ ಆದರೆ ಜೈಲು ಎರಡು ವರ್ಷದವರೆಗೆ. 2020ರ ಲಾಕ್‌ಡೌನ್ ನಮಗೆ ಇದನ್ನು ಚೆನ್ನಾಗಿ ಕಲಿಸಿತು. ಆ ವರ್ಷ ಮೇ 4ರಂದು ಅಂಗಡಿಗಳು ಮತ್ತೆ ತೆರೆಯುವವರೆಗೆ ಸನ್ನದು ಚಾಲ್ತಿಯಲ್ಲೇ ಇದ್ದರೂ ಬಾಗಿಲು ತೆಗೆಯುವಂತಿರಲಿಲ್ಲ.

ಆದೇಶ ಬರುವ ಮೊದಲೇ ಠಾಣೆಯಿಂದ ಯಾರೋ ಬಂದು ‘ಈಗಲೇ ಮುಚ್ಚಿ’ ಎಂದರೆ? ಹೊಳೆ ಏರುತ್ತಿರುವಾಗ ವಾದಕ್ಕೆ ನಿಲ್ಲಬೇಡಿ. ಮುಚ್ಚಿ, ಸಮಯವನ್ನು ದಾಸ್ತಾನು ಪುಸ್ತಕದಲ್ಲಿ ಬರೆದುಕೊಳ್ಳಿ, ಆಮೇಲೆ ಲಿಖಿತ ಆದೇಶ ಕೇಳಿ.

ಈಗ ನಿಮ್ಮ ಲಾರಿಯ ವಿಷಯ. ರಹದಾರಿ ಎಂದರೆ ಬರೀ ಅನುಮತಿಯಲ್ಲ. ಅದು ಒಂದು ನಿರ್ದಿಷ್ಟ ಪ್ರಯಾಣದ ವಿವರ: ಈ ನಂಬರಿನ ವಾಹನ, ಇಷ್ಟು ಸರಕು, ಇಂಥ ದಾರಿ, ಇಷ್ಟು ಗಂಟೆಯೊಳಗೆ. ಗಾಜನೂರು, ಮಂಡಗದ್ದೆ ಮಾರ್ಗ ಎಂದು ಬರೆದಿರುವ ಸರಕು ರಿಪ್ಪನ್‌ಪೇಟೆಯಲ್ಲಿ ಸಿಕ್ಕರೆ, ಅದನ್ನು ಹಿಡಿದ ಅಧಿಕಾರಿಗೆ ಎದುರಿಗಿರುವುದು ದಾರಿ ತಪ್ಪಿದ ಮದ್ಯ. ಮಂಡಗದ್ದೆಯಲ್ಲಿ ಮರ ಬಿದ್ದದ್ದು ಅವರಿಗೆ ಗೊತ್ತಿರಬಹುದು, ಗೊತ್ತಿಲ್ಲದಿರಬಹುದು. ರಾತ್ರಿ ಹನ್ನೊಂದು ಗಂಟೆಗೆ ಚಾಲಕನ ಬಾಯಿಮಾತೊಂದನ್ನೇ ನಂಬಿ ಲಾರಿ ಬಿಟ್ಟರೆ ನಾಳೆ ಉತ್ತರ ಹೇಳಬೇಕಾದವರು ಅವರು. ಹಾಗಾಗಿ ಅವರು ನಿಮ್ಮ ಲಾರಿ ನಿಲ್ಲಿಸಿಕೊಂಡದ್ದನ್ನು ನಾನು ತಪ್ಪೆನ್ನುವುದಿಲ್ಲ.

ಆದರೆ ನಿಮ್ಮ ಚಾಲಕನೂ ಕಳ್ಳನಲ್ಲ. ಬ್ಯಾರಿಕೇಡ್ ಹತ್ತಿರ ಅವನು ಮಾಡಬೇಕಾಗಿದ್ದ ಕೆಲಸ ಒಂದೇ: ಲಾರಿ ತಿರುಗಿಸುವ ಮೊದಲು, ತಿರುಗಿಸಿದವರಿಂದ ಬರೆಸಿಕೊಳ್ಳುವುದು. ‘ಮಂಡಗದ್ದೆ ಬಳಿ ರಸ್ತೆ ಬಂದ್, ಆಯನೂರು ಮಾರ್ಗವಾಗಿ ಕಳಿಸಲಾಗಿದೆ’ ಎಂದು ಒಂದು ಸಾಲು, ಸಮಯ, ಹೆಸರು, ಸಹಿ. ಅದು ರಹದಾರಿಯ ತಿದ್ದುಪಡಿಯಲ್ಲ. ಅಷ್ಟು ಅಧಿಕಾರ ಕಾನ್‌ಸ್ಟೆಬಲ್‌ಗೆ ಇಲ್ಲ. ಆದರೆ ಅದೊಂದು ಸಾಕ್ಷ್ಯ. ಅದರ ಬೆನ್ನಿಗೇ ನೀವು ಡಿಪೊದ ಅಬಕಾರಿ ಅಧಿಕಾರಿಗೂ ನಿಮ್ಮ ವಲಯದ ಅಬಕಾರಿ ನಿರೀಕ್ಷಕರಿಗೂ ಫೋನ್ ಮಾಡಿ, ಅದೇ ಮಾತನ್ನು ಸಂದೇಶದಲ್ಲಿ ಕಳಿಸಿ, ಮಾರ್ಗ ಬದಲಿಸಿ ಅವಧಿ ವಿಸ್ತರಿಸಿಕೊಡುವಂತೆ ಕೇಳಬೇಕಿತ್ತು. ಒಪ್ಪಿಗೆ ಬರುವವರೆಗೆ ಲಾರಿ ಹತ್ತಿರದ ಠಾಣೆಯ ಮುಂದೆ ನಿಲ್ಲಬೇಕು. ಯಾರದೋ ಅಡಿಕೆ ಕಣದಲ್ಲಿ, ಪರಿಚಯದವರ ಮನೆಯಂಗಳದಲ್ಲಿ ಅಲ್ಲ.

ಒಂದು ರಾತ್ರಿ ಒಂದೇ ತಡೆಯಲ್ಲಿ ಎರಡು ಲಾರಿಗಳು ಸಿಕ್ಕ ಘಟನೆ ನನಗೆ ನೆನಪಿದೆ. ಒಬ್ಬ ಚಾಲಕ ರಹದಾರಿಯ ಹಿಂಬದಿಯಲ್ಲಿ ಎರಡು ಸಾಲು ಬರೆಸಿಕೊಂಡಿದ್ದ. ಮಳೆಗೆ ಶಾಯಿ ಹರಡಿದ್ದರೂ ಓದಲು ಬರುತ್ತಿತ್ತು. ಬೆಳಿಗ್ಗೆ ಎಣಿಕೆ ಮಾಡಿ, ಪೆಟ್ಟಿಗೆ ತಾಳೆಯಾದ ಮೇಲೆ ಅವನು ಹೊರಟ. ಇನ್ನೊಬ್ಬನ ಬಳಿ ಏನೂ ಇರಲಿಲ್ಲ. ಅವನೂ ಅಷ್ಟೇ ಪ್ರಾಮಾಣಿಕ, ಅವನ ಪೆಟ್ಟಿಗೆಗಳೂ ಅಷ್ಟೇ ಸರಿಯಾಗಿದ್ದವು. ಆದರೂ ಅದರ ಮಾಲೀಕರು ಆ ಲಾರಿಗಾಗಿ ಎಷ್ಟೋ ತಿಂಗಳು ಕಚೇರಿಯ ಮೆಟ್ಟಿಲು ಹತ್ತಿ ಇಳಿದರು. ಆ ಎರಡು ಸಾಲು ಬರೆಸುವ ಬುದ್ಧಿಯನ್ನು ಅವನಿಗೆ ಯಾರಾದರೂ ಮೊದಲೇ ಹೇಳಿಕೊಟ್ಟಿದ್ದರೆ ಎಂದು ಇಂದಿಗೂ ಅನ್ನಿಸುತ್ತದೆ.

ಲಾರಿ ಕೆಟ್ಟರೆ ಸರಕನ್ನು ಬೇರೆ ವಾಹನಕ್ಕೆ ತುಂಬಿಸುವ ಕೆಲಸಕ್ಕೆ ಮಾತ್ರ ಅಧಿಕಾರಿ ಎದುರಿಗಿಲ್ಲದೆ ಕೈಹಾಕಬೇಡಿ. ಆ ಇನ್ನೊಂದು ವಾಹನಕ್ಕೆ ರಹದಾರಿ ಇರುವುದಿಲ್ಲ. ಹಿಡಿದರೆ ಸರಕಿನ ಜೊತೆ ವಾಹನವೂ ಜಪ್ತಿಯಾಗುತ್ತದೆ, ಸಹಾಯಕ್ಕೆ ಬಂದವರು ಆರೋಪಿಗಳಾಗುತ್ತಾರೆ. ಹಾಗೆಯೇ ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳಿಗೆ ಮಳೆಗಾಲದಲ್ಲಿ ಬರುವ ನಿಷೇಧ. ಅದು ಮೋಟಾರು ವಾಹನ ಕಾಯ್ದೆಯ ಕಲಂ 115ರಡಿ ಬರುತ್ತದೆ. ಅಬಕಾರಿ ರಹದಾರಿಗೂ ಅದಕ್ಕೂ ಸಂಬಂಧವಿಲ್ಲ, ಒಂದು ಇನ್ನೊಂದನ್ನು ಸಡಿಲಿಸುವುದೂ ಇಲ್ಲ. ಡಿಪೊಗೆ ಇಂಡೆಂಟ್ (ಸರಕಿನ ಬೇಡಿಕೆ) ಹಾಕುವ ದಿನವೇ ಯಾವ ರಸ್ತೆ ಮುಚ್ಚಿದೆ ಎಂದು ನೋಡಿಕೊಂಡು, ಮಳೆಗಾಲದಲ್ಲಿ ರಿಪ್ಪನ್‌ಪೇಟೆಯ ಸುತ್ತುದಾರಿಯನ್ನೇ ರಹದಾರಿಯಲ್ಲಿ ನಮೂದಿಸುವಂತೆ ಕೇಳಿಕೊಳ್ಳುವುದು ಜಾಣತನ. ಡೀಸೆಲ್ ಹೆಚ್ಚು ಖರ್ಚಾದೀತು, ಆದರೆ ತುಂಗೆಯ ಮಗ್ಗುಲಲ್ಲೇ ಸಾಗುವ ರಸ್ತೆಯನ್ನು ನಂಬಿ ಕೂರುವುದು ತಪ್ಪುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ನೀರು ರಸ್ತೆಗೆ ನುಗ್ಗಿದಾಗ, ಧರೆ ಜಾರುವ ಸದ್ದು ಕೇಳಿದಾಗ ಚಾಲಕನೂ ಕ್ಲೀನರ್ ಹುಡುಗನೂ ಲಾರಿ ಬಿಟ್ಟು ಇಳಿಯಬೇಕು. ಮಾಲೀಕರು ‘ಸರಕು ಬಿಟ್ಟು ಕದಲಬೇಡ’ ಎಂದು ಹೇಳಿದ್ದಾರೆಂಬ ಹೆದರಿಕೆಯಲ್ಲಿ ಚಾಲಕರು ಕ್ಯಾಬಿನ್ನಿನಲ್ಲೇ ಕುಳಿತಿರುತ್ತಾರೆ. ಆ ಹೆದರಿಕೆಯನ್ನು ತೆಗೆಯಬೇಕಾದವರು ನೀವು. ಪ್ರಾಣ ಉಳಿಸಿಕೊಳ್ಳಲು ಸರಕು ಬಿಟ್ಟು ಹೋದವನನ್ನು ಯಾವ ಕಾನೂನೂ ಶಿಕ್ಷಿಸುವುದಿಲ್ಲ. ಸುರಕ್ಷಿತ ಜಾಗ ತಲುಪಿದ ಮೇಲೆ 112ಕ್ಕೋ ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೋ ತಿಳಿಸಿದರೆ ಸಾಕು.

ರಕ್ಷಣಾ ಕೆಲಸಕ್ಕೆ ನಿಮ್ಮ ಲಾರಿಯೇ ಬೇಕೆಂದು ಆಡಳಿತ ಕೇಳಬಹುದು. ವಿಪತ್ತು ಕಾಯ್ದೆಯ ಕಲಂ 65 ಆ ಅಧಿಕಾರ ಕೊಡುತ್ತದೆ. ಆ ಊರಿನಲ್ಲಿ ನಡೆಯುವ ಬಾಡಿಗೆ ದರವನ್ನು ಆಧರಿಸಿ ಪರಿಹಾರ ಕೊಡಬೇಕೆಂದು ಕಲಂ 66 ಹೇಳುತ್ತದೆ. ಲಾರಿಯಲ್ಲಿ ಮದ್ಯ ತುಂಬಿದ್ದರೆ ಮೊದಲು ಅಬಕಾರಿ ಅಧಿಕಾರಿಯ ಎದುರು ಇಳಿಸಿ, ಲೆಕ್ಕ ಬರೆಸಿ, ಆಮೇಲೆ ಒಪ್ಪಿಸಿ. ಸಂತೋಷದಿಂದಲೇ ಒಪ್ಪಿಸಿ.

ಅಂಗಡಿಯ ವಿಷಯಕ್ಕೆ ಬರೋಣ. ನಿಮ್ಮ ಸನ್ನದಿನಲ್ಲಿ ಕಟ್ಟಡದ ಚೆಕ್ಕುಬಂದಿ ಇದೆ, ನಕ್ಷೆ ಇದೆ. ಆ ಗೆರೆಯೊಳಗೆ ಅಟ್ಟವೋ ಮಹಡಿಯೋ ಇದ್ದರೆ ಪೆಟ್ಟಿಗೆಗಳನ್ನು ಧಾರಾಳವಾಗಿ ಮೇಲೇರಿಸಿ, ಯಾರನ್ನೂ ಕೇಳಬೇಕಿಲ್ಲ. ಮಹಡಿ ನಿಮ್ಮದೇ ಆಗಿದ್ದರೂ ನಕ್ಷೆಯಲ್ಲಿ ಇಲ್ಲದಿದ್ದರೆ ಅದು ಹೊರಗಿನ ಜಾಗ. ಮನೆ ಅಂತೂ ಹೊರಗಿನದೇ. ಮನೆಯಲ್ಲಿ ಇಡಬಹುದಾದ ಮದ್ಯಕ್ಕೆ ಮಿತಿಯಿದೆ. ನಲವತ್ತು, ಐವತ್ತು ಪೆಟ್ಟಿಗೆ ಇಟ್ಟರೆ ಸದುದ್ದೇಶ ಎಷ್ಟಿದ್ದರೂ ಅದು ಅಕ್ರಮ ದಾಸ್ತಾನು.

‘ಹಾಗಾದರೆ ಕಣ್ಣೆದುರೇ ಮುಳುಗಲು ಬಿಡಬೇಕೆ?’ ಎಂದು ಕೇಳುತ್ತೀರಿ. ಇಲ್ಲ. ದೊಡ್ಡ ಹಾನಿಯನ್ನು ತಪ್ಪಿಸಲು, ಕೆಟ್ಟ ಉದ್ದೇಶವಿಲ್ಲದೆ ಮಾಡಿದ ಕೆಲಸ ಅಪರಾಧವಲ್ಲ ಎಂದು ಭಾರತೀಯ ನ್ಯಾಯ ಸಂಹಿತೆಯ ಕಲಂ 19 ಹೇಳುತ್ತದೆ. ಹಳೆಯ ದಂಡ ಸಂಹಿತೆಯ ಕಲಂ 81 ಇದೇ. ಊರಿಗೆ ಬೆಂಕಿ ಹರಡದಂತೆ ನಡುವಿನ ಮನೆ ಕೆಡವಿದವನ ಉದಾಹರಣೆಯನ್ನು ಕಾನೂನೇ ಕೊಡುತ್ತದೆ. ಈ ರಕ್ಷಣೆ ಅಬಕಾರಿಯಂಥ ವಿಶೇಷ ಕಾಯ್ದೆಗಳಿಗೂ ಅನ್ವಯಿಸುತ್ತದೆ. ಆದರೆ ಅದು ನ್ಯಾಯಾಲಯದಲ್ಲಿ ನೀವು ಎತ್ತಬಹುದಾದ ವಾದ, ರಹದಾರಿಗೆ ಬದಲಿಯಲ್ಲ. ಪೆಟ್ಟಿಗೆ ಎತ್ತುವ ಮೊದಲು ನಿರೀಕ್ಷಕರಿಗೆ ತಿಳಿಸಿದ್ದೀರಾ, ಎಣಿಕೆ ಬರೆದಿದ್ದೀರಾ, ನೀರು ಇಳಿದ ಕೂಡಲೇ ಹಿಂದಕ್ಕೆ ತಂದಿದ್ದೀರಾ? ಈ ಮೂರಕ್ಕೂ ಹೌದು ಎನ್ನಲು ಆದರೆ ಮಾತ್ರ ಆ ವಾದಕ್ಕೆ ಬಲ.

ಅದಕ್ಕಿಂತ ಸುಲಭದ ದಾರಿ ಇದೆ. ನಮ್ಮಲ್ಲಿ ಸನ್ನದಿನ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಆರಿದ್ರಾ ಮಳೆಯ ನಡುವೆ ಸನ್ನದು ನವೀಕರಣಕ್ಕೆ ಹೇಗೂ ಕಚೇರಿಗೆ ಹೋಗುತ್ತೀರಿ. ಅದೇ ಹೊತ್ತಿಗೆ ಒಂದು ಅರ್ಜಿ ಕೊಡಿ: ‘ನನ್ನ ಅಂಗಡಿ ಹೊಳೆಯಂಚಿನಲ್ಲಿದೆ. ಪ್ರವಾಹದ ಅಪಾಯ ಬಂದಾಗ ದಾಸ್ತಾನನ್ನು ತಾತ್ಕಾಲಿಕವಾಗಿ ಇಂಥ ಕಟ್ಟಡದಲ್ಲಿ, ಮಾರಾಟವಿಲ್ಲದೆ, ಬೀಗಮುದ್ರೆಯಲ್ಲಿ ಇಡಲು ಅನುಮತಿ ಕೊಡಿ.’ ಮಾರಾಟವಿಲ್ಲದೆ ಎಂಬ ಮಾತು ಮುಖ್ಯ. ಅಂಗಡಿಯನ್ನೇ ಎತ್ತರದ ಜಾಗಕ್ಕೆ ಸ್ಥಳಾಂತರಿಸಲು ಹೊರಟರೆ ಶಾಲೆ, ದೇವಸ್ಥಾನ, ಆಸ್ಪತ್ರೆಗಳಿಂದ 100 ಮೀಟರ್ ದೂರದ ನಿಯಮ ಅಡ್ಡ ಬರುತ್ತದೆ. ಹೆದ್ದಾರಿಯ ಪಕ್ಕವಾದರೆ 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಅಂತರವನ್ನೂ ನೋಡಬೇಕಾಗುತ್ತದೆ. ನಮ್ಮ ಊರುಗಳಲ್ಲಿ ಎತ್ತರದ ಜಾಗ ಎಂದರೆ ಒಂದೋ ಹೆದ್ದಾರಿ, ಇಲ್ಲವೇ ದೇವಸ್ಥಾನ. ಬರೀ ದಾಸ್ತಾನಿಗೆ ಎಂದು ಕೇಳಿದರೆ ಅಧಿಕಾರಿಗೂ ಯೋಚಿಸಲು ಜಾಗವಿರುತ್ತದೆ. ಅರ್ಜಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಯಾವಾಗ ಎತ್ತಬೇಕು ಎಂಬುದಕ್ಕೆ ಸರ್ಕಾರದ ಪ್ರಕಟಣೆಗಾಗಿ ಕಾಯಬೇಡಿ. ಹೊಳೆಯಲ್ಲಿರುವ ಮಂಟಪ ಎಷ್ಟು ಮುಳುಗಿದೆ ಎಂಬುದೇ ಅಳತೆಗೋಲು: ಶಿವಮೊಗ್ಗದವರಿಗೆ ಕೋರ್ಪಲಯ್ಯನ ಛತ್ರದ ಮಂಟಪ, ನಿಮಗೆ ರಾಮಮಂಟಪ. ಶಿವಮೊಗ್ಗದ ಕಡೆಯವರು ಗಾಜನೂರು ಅಣೆಕಟ್ಟೆಯ ಹೊರಹರಿವನ್ನೂ ಗಮನಿಸಬೇಕು. ನೀವು ಅದಕ್ಕಿಂತ ಮೇಲೆ ಇದ್ದೀರಿ. ನಿಮ್ಮ ನೀರು ಶೃಂಗೇರಿ ಕಡೆಯಿಂದ ಬರುತ್ತದೆ, ಅಲ್ಲಿನ ಪರಿಚಯದವರ ಒಂದು ಫೋನು ನಿಮಗೆ ಕೆಲವು ಗಂಟೆಗಳ ಬಿಡುವು ಕೊಡುತ್ತದೆ. 2019ರ ಆಗಸ್ಟ್‌ನಲ್ಲಿ ಶಿವಮೊಗ್ಗ ನಗರದ ತಗ್ಗು ಬಡಾವಣೆಗಳಿಗೆ ತುಂಗೆ ನುಗ್ಗಿದಾಗ, ಬೆಳಗಾದ ಮೇಲೆ ನೋಡೋಣ ಎಂದು ಮಲಗಿದವರ ಪಾಡು ಏನಾಯಿತೆಂದು ಎಲ್ಲರಿಗೂ ಗೊತ್ತು.

ನೆನೆದ ಬಾಟಲಿಗಳ ಬಗ್ಗೆ ನನ್ನ ಮಾತು ಕಟುವಾಗಿ ಕೇಳಬಹುದು: ಮಾರಬೇಡಿ. ತೊಳೆದೂ ಮಾರಬೇಡಿ, ಅರ್ಧ ಬೆಲೆಗೂ ಮಾರಬೇಡಿ, ಕೆಲಸದವರಿಗೆ ಹಂಚಲೂ ಬೇಡಿ. ನೆರೆಯ ನೀರು ಕೆಂಪು ಮಣ್ಣಿನ ನೀರಷ್ಟೇ ಅಲ್ಲ. ಅದರಲ್ಲಿ ಚರಂಡಿ, ಶೌಚಗುಂಡಿ, ಕೊಟ್ಟಿಗೆ, ತೋಟಕ್ಕೆ ಹೊಡೆದ ಔಷಧಿ ಎಲ್ಲವೂ ಇರುತ್ತವೆ. ತಿರುಗಿಸುವ ಮುಚ್ಚಳದ ಎಳೆಗಳ ಸಂದಿಯಲ್ಲಿ, ಬಿಯರ್ ಬಾಟಲಿಯ ಕಿರೀಟ ಮುಚ್ಚಳದ ಅಂಚಿನಡಿಯಲ್ಲಿ ಆ ಕೊಳೆ ಕೂರುತ್ತದೆ, ಹೊರಗಿನಿಂದ ತೊಳೆದರೆ ಹೋಗುವುದಿಲ್ಲ. ಆಹಾರ ಸುರಕ್ಷತಾ ಕಾಯ್ದೆ, 2006ರ ವ್ಯಾಖ್ಯೆಯಲ್ಲಿ ಮದ್ಯವೂ ಆಹಾರವೇ. ಅಸುರಕ್ಷಿತ ಆಹಾರ ಮಾರಿದ ಹೊಣೆ ನಿಮ್ಮ ಮೇಲೆ ಬರುತ್ತದೆ. ಇನ್ನೊಂದು ತೊಡಕು ಬಾಟಲಿಯ ಮೇಲೆ ಅಂಟಿಸಿರುವ ಅಬಕಾರಿ ಚೀಟಿಯದು. ನೀರಿನಲ್ಲಿ ಆ ಚೀಟಿ ಎದ್ದುಹೋದರೆ, ನೀವು ಸುಂಕ ಕಟ್ಟಿ ತಂದ ಬಾಟಲಿಗೂ ಕಳ್ಳದಾರಿಯಲ್ಲಿ ಬಂದ ಬಾಟಲಿಗೂ ನೋಟದಲ್ಲಿ ವ್ಯತ್ಯಾಸವೇ ಉಳಿಯುವುದಿಲ್ಲ.

ಮಾಡಬೇಕಾದ್ದು ಹೀಗೆ. ನೀರು ಇಳಿದ ಮೇಲೆ ಒಳಗೆ ಕಾಲಿಡುವ ಮೊದಲು ಮೆಸ್ಕಾಂನವರಿಂದ ವಿದ್ಯುತ್ ಸಂಪರ್ಕ ತಪ್ಪಿಸಿ, ಬಾಗಿಲು, ಕಿಟಕಿ ತೆರೆದು ಗಾಳಿಯಾಡಲು ಬಿಡಿ. ನಮ್ಮ ವಿಸ್ಕಿ, ರಮ್‌ಗಳಲ್ಲಿ ಸಾಮಾನ್ಯವಾಗಿ ಶೇ 42.8 ಮದ್ಯಸಾರ ಇರುತ್ತದೆ. ಒಡೆದ ಬಾಟಲಿಗಳ ಆವಿ ಮುಚ್ಚಿದ ಕೋಣೆಯಲ್ಲಿ ತುಂಬಿದ್ದರೆ ಸ್ವಿಚ್ಚಿನ ಒಂದು ಕಿಡಿ ಸಾಕು. ಏನನ್ನೂ ಎತ್ತದೆ ಫೋಟೊ, ವಿಡಿಯೊ ತೆಗೆಯಿರಿ, ಗೋಡೆಯ ಮೇಲಿನ ನೀರಿನ ಗುರುತು ಕಾಣುವಂತೆ. ನೀರು ತಾಗದ್ದನ್ನೂ ನೆನೆದದ್ದನ್ನೂ ಬೇರೆ ಮಾಡಿ. ನಿರೀಕ್ಷಕರಿಗೆ ಲಿಖಿತವಾಗಿ ತಿಳಿಸಿ, ಪಂಚರ ಎದುರು ಮಹಜರು ಆಗಲಿ. ನಾಶಪಡಿಸುವುದು ಅವರ ಆದೇಶದ ಮೇಲೆ, ಅವರ ಎದುರಿಗೇ. ಹೊಳೆಗೋ ಹಳ್ಳಕ್ಕೋ ಸುರಿಯುವುದು ಜಲಮಾಲಿನ್ಯ ಕಾಯ್ದೆ, 1974ರ ಕಲಂ 24ರಡಿ ನಿಷಿದ್ಧ. ಮದ್ಯ ನೀರಿನ ಆಮ್ಲಜನಕವನ್ನು ಹೀರಿ ಮೀನುಗಳನ್ನು ಕೊಲ್ಲುತ್ತದೆ. ಖಾಲಿ ಮಾಡಿದ ಬಾಟಲಿಗಳನ್ನು ಲೇಬಲ್ ಸಮೇತ ಗುಜರಿಗೆ ಹಾಕಬೇಡಿ, ಒಡೆದು ಹಾಕಿ. ನಕಲಿ ಮದ್ಯದವರಿಗೆ ಬೇಕಾಗಿರುವುದು ಅದೇ ಬಾಟಲಿ. ವಿಷಮದ್ಯ ಏನು ಮಾಡುತ್ತದೆಂದು 1981ರ ಬೆಂಗಳೂರು ನೋಡಿದೆ. ಮುನ್ನೂರಕ್ಕೂ ಹೆಚ್ಚು ಜನ ಸತ್ತರು.

ಅಮೆರಿಕದ ವಿಷಯ ನೀವು ಕೇಳಿದ್ದು ನಿಜ. ಅಲ್ಲಿನ ಫೆಡರಲ್ ಕಾನೂನಿನಲ್ಲಿ, ಅಧ್ಯಕ್ಷರು ಮಹಾವಿಪತ್ತು ಎಂದು ಘೋಷಿಸಿದ ಸಂದರ್ಭದಲ್ಲಿ ಹಾಳಾದ, ತೆರಿಗೆ ಕಟ್ಟಿದ ಮದ್ಯಕ್ಕೆ ಆರು ತಿಂಗಳೊಳಗೆ ಅರ್ಜಿ ಹಾಕಿ ತೆರಿಗೆ ಹಿಂದಕ್ಕೆ ಕೇಳಬಹುದು. ನಮ್ಮ ಸಂವಿಧಾನದಲ್ಲಿ ಮದ್ಯದ ಸುಂಕ ರಾಜ್ಯದ ವಿಷಯ, ಜಿಎಸ್‌ಟಿಯಿಂದ ಹೊರಗೆ. ಬಾಟಲಿ ನಿಮ್ಮ ಕೈಗೆ ಬರುವ ಮೊದಲೇ ಸುಂಕ ಸಂದಾಯವಾಗಿರುತ್ತದೆ, ನೀವು ಕೊಡುವ ಬೆಲೆಯಲ್ಲಿ ಅದು ಕರಗಿರುತ್ತದೆ. ಅದು ಹಿಂದಕ್ಕೆ ಬಂದೀತೆಂದು ನಂಬಿ ಕೂರಬೇಡಿ. ರಾಜ್ಯ ವಿಪತ್ತು ಪರಿಹಾರ ನಿಧಿಯ ಮಾನದಂಡಗಳಲ್ಲೂ ವ್ಯಾಪಾರದ ದಾಸ್ತಾನು ಇಲ್ಲ. ಸುಳ್ಳು ಹಾನಿ ತೋರಿಸಿ ಪರಿಹಾರ ಕೇಳಿದರೆ ವಿಪತ್ತು ಕಾಯ್ದೆಯ ಕಲಂ 52ರಡಿ ಎರಡು ವರ್ಷದವರೆಗೆ ಜೈಲು.

ನಿಮಗೆ ಉಳಿಯುವ ಆಸರೆ ವಿಮೆ. ಒಟ್ಟು ಮೌಲ್ಯ 5 ಕೋಟಿ ರೂಪಾಯಿಯೊಳಗಿನ ಉದ್ಯಮಗಳಿಗೆ 2021ರ ಏಪ್ರಿಲ್‌ನಿಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿ ಇದೆ. ಪ್ರವಾಹ, ಭೂಕುಸಿತ ಎರಡೂ ಅದರಲ್ಲಿ ಸೇರಿವೆ. ದಾಸ್ತಾನಿನ ಮೌಲ್ಯವನ್ನು ಸುಂಕ ಸೇರಿದ ಖರೀದಿ ಬೆಲೆಯಲ್ಲೇ ತೋರಿಸಿ. ಲಾರಿಯ ವಿಮೆ ಲಾರಿಗಷ್ಟೇ. ಒಳಗಿನ ಸರಕಿಗೆ ಸಾಗಣೆ ವಿಮೆಯನ್ನು ಬೇರೆಯಾಗಿ ಮಾಡಿಸಬೇಕು, ಅದರಲ್ಲೂ ಬೇರೆ ಸನ್ನದುದಾರರ ಪೆಟ್ಟಿಗೆ ಹೊರುವ ನಿಮ್ಮಂಥವರು. ವಿಮೆಯ ಸರ್ವೇಯರ್ ಬಂದು ನೋಡುವ ಮೊದಲು ನಾಶಪಡಿಸಿದರೆ ಹಣವೂ ಇಲ್ಲ.

ದಾರಿ ಕಡಿದುಹೋದ ಊರಿನಲ್ಲಿ ಬೆಲೆ ಏರಿಸುವುದು, ಲಾರಿಯಿಂದಲೋ ದೋಣಿಯಿಂದಲೋ ಮಾರುವುದು, ಹಿಂಬಾಗಿಲು ತೆರೆಯುವುದು ಎಲ್ಲಕ್ಕೂ ಒಂದೇ ಉತ್ತರ: ಸನ್ನದು ಇರುವುದು ಆ ಕಟ್ಟಡಕ್ಕೆ, ಮುದ್ರಿತ ಬೆಲೆಗೆ, ಆದೇಶವಿಲ್ಲದ ದಿನಗಳಿಗೆ. ‘ಚಳಿಗೆ ಸ್ವಲ್ಪ’ ಎಂದು ರಕ್ಷಣಾ ಕೆಲಸದ ಹುಡುಗರೇ ಬಂದು ಕೇಳಿದರೂ ಕೊಡಬೇಡಿ. ಮದ್ಯ ಕುಡಿದಾಗ ಚರ್ಮದ ರಕ್ತನಾಳಗಳು ಹಿಗ್ಗಿ ಬೆಚ್ಚಗಾದಂತೆ ಅನ್ನಿಸುತ್ತದೆ, ಆದರೆ ಮೈಯ ಬಿಸಿ ಹೊರಗೆ ಹರಿದುಹೋಗುತ್ತದೆ. ನೆನೆದ ಮೈಯಲ್ಲಿ ಹೊಳೆಗೆ ಇಳಿಯುವವನಿಗೆ ಬೇಕಾದದ್ದು ಒಣ ಕಂಬಳಿ, ಬಿಸಿ ಕಷಾಯ. ನಿಮ್ಮ ಅಂಗಡಿ ಮುಚ್ಚಿದ ರಾತ್ರಿ ಒಲೆ ಹೊತ್ತಿಸಿ ಅದನ್ನು ಕೊಡಿ. ಅದಕ್ಕೆ ಸನ್ನದು ಬೇಕಿಲ್ಲ.

ಈ ವಾರವೇ ಮಾಡಬಹುದಾದ ಒಂದು ಕೆಲಸ ಇದೆ. ಲಾರಿಯ ಡ್ಯಾಶ್‌ಬೋರ್ಡಿನಲ್ಲಿ ನೀರು ಹೋಗದ ಒಂದು ಪ್ಲಾಸ್ಟಿಕ್ ಕವರ್ ಇಡಿ. ಅದರಲ್ಲಿ ರಹದಾರಿ, ಇನ್‌ವಾಯ್ಸ್, ಡಿಪೊದ ಅಬಕಾರಿ ಅಧಿಕಾರಿ ಮತ್ತು ನಿಮ್ಮ ನಿರೀಕ್ಷಕರ ಫೋನ್ ಸಂಖ್ಯೆ ಇರಲಿ. ಜೊತೆಗೆ ಎರಡು ಖಾಲಿ ಹಾಳೆ ಮತ್ತು ಒಂದು ಬಾಲ್‌ಪೆನ್ನು. ಮಂಡಗದ್ದೆಯ ಬ್ಯಾರಿಕೇಡ್‌ನಲ್ಲಿ ಆ ಒಂದು ಸಾಲು ಬರೆಸಿಕೊಳ್ಳಲು.